ಸಂಗೀತ ಕಛೇರಿಯಲ್ಲಿ ಕೇಳಿದ ಹಾಗೇ ಸಹಜವಾಗಿ ಕೇಳಿಸುವ ಸ್ಪೀಕರ್ ಯಾವುದು?

12×10 ಅಡಿ ಹಾಲ್, ಒಂದು ಲಕ್ಷದ ಬಜೆಟ್, ಕೇಳುವುದೆಲ್ಲ ಕರ್ನಾಟಕ ಸಂಗೀತ, ನೆಲದ ಮೇಲೆ ನಿಲ್ಲುವ ಎತ್ತರದ ಟವರ್ ಸ್ಪೀಕರ್ ತಗೊಳ್ಳಲಾ, ಚಿಕ್ಕ ಬುಕ್‌ಶೆಲ್ಫ್ ಸ್ಪೀಕರ್ ಸಾಕಾ ಅಂತ ಕೇಳಿದ್ದೀರಿ. ರಾಜಾಜಿನಗರದ ಬಾಡಿಗೆ ಮನೆಯಲ್ಲಿ ನನ್ನದೂ ಇದೇ ಹಾಲ್, ಇದೇ ಹುಚ್ಚು. ನಾನು ಟವರ್ ತಂದೆ.

ಅಂಗಡಿಯಲ್ಲಿ ಎರಡು ಜೋಡಿ ಇಟ್ಟಿದ್ದರು. ಒಂದು ಬುಕ್‌ಶೆಲ್ಫ್, ಒಂದು ಟವರ್. ಒಂದೇ ಹಾಡು, ಒಂದೇ ಆಂಪ್ಲಿಫೈಯರ್. ಬಟನ್ ಒತ್ತಿದರೆ ಇದರಿಂದ ಅದಕ್ಕೆ ಬದಲಾಗುತ್ತಿತ್ತು. ವಾಲ್ಯೂಮ್ ಯಾರೂ ಮುಟ್ಟಲಿಲ್ಲ. ಟವರ್ ಶುರುವಾದ ಕೂಡಲೇ ಗಾಯಕಿ ಒಂದು ಹೆಜ್ಜೆ ಮುಂದೆ ಬಂದು ನಿಂತಂತೆ ಆಯಿತು. ಅಲ್ಲೇ ಕಾರ್ಡ್ ಕೊಟ್ಟುಬಿಟ್ಟೆ.

ಸರಿಯಾಗಿ ಎಡವಿದ್ದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ. ವಾಲ್ಯೂಮ್ ಮುಟ್ಟದಿದ್ದರೆ ಹೋಲಿಕೆ ನ್ಯಾಯವಾಗಿದೆ ಅಂತ ನಾನು ನಂಬಿದ್ದೆ. ನಿಜ ಉಲ್ಟಾ. ಪ್ರತಿ ಸ್ಪೀಕರಿಗೂ ಸೆನ್ಸಿಟಿವಿಟಿ ಅಂತ ಒಂದು ಅಂಕಿ ಇರುತ್ತದೆ. ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಜೋರು ಅನ್ನುವ ಲೆಕ್ಕ. ಬುಕ್‌ಶೆಲ್ಫಿನದು 87 ಡೆಸಿಬಲ್, ಟವರಿನದು 91. ಅದೇ ವಾಲ್ಯೂಮಿನಲ್ಲಿ ಟವರ್ 4 ಡೆಸಿಬಲ್ ಜೋರು. ಬುಕ್‌ಶೆಲ್ಫನ್ನು ಅದರ ಸಮಕ್ಕೆ ತರಬೇಕಾದರೆ ಸುಮಾರು ಎರಡೂವರೆ ಪಟ್ಟು ಪವರ್ ಬೇಕು. ನಮ್ಮ ಕಿವಿಯೋ, ಒಂದೇ ಡೆಸಿಬಲ್ ವ್ಯತ್ಯಾಸ ಇದ್ದರೂ ಅದನ್ನು ಜೋರು ಅನ್ನುವುದಿಲ್ಲ, 'ಚೆನ್ನಾಗಿದೆ' ಅನ್ನುತ್ತದೆ. ನಾನು ಕೊಂಡದ್ದು ಆ 4 ಡೆಸಿಬಲನ್ನು. ಅಂಗಡಿಯವರು ಮೋಸ ಮಾಡಲಿಲ್ಲ, ಮಾಡುವ ಅಗತ್ಯವೇ ಇರಲಿಲ್ಲ.

ಮನೆಯಲ್ಲಿ ಅಷ್ಟು ಜೋರಾಗಿ ಹಾಕಲು ಮೇಲಿನ ಮನೆಯವರು ಬಿಡಬೇಕಲ್ಲ! ಸದ್ದು ಇಳಿಸಿದ ಮೇಲೆ ಬಣ್ಣ ಬಯಲಾಯಿತು. ಸ, ಶ ಬಂದಾಗೆಲ್ಲ ಕಿವಿ ಚುಚ್ಚುತ್ತಿತ್ತು. "ಏನೋ ಇದು, ಪಿಟೀಲಿನ ತಂತಿ ಮೇಲೆ ಚಾಕು ಎಳೆದ ಹಾಗಿದೆ," ಅಂದರು ಅಮ್ಮ. ಇನ್ನು ಮೃದಂಗದ ಎಡಗಡೆ ಪೆಟ್ಟು ಬಿದ್ದರೆ ಹಾಲೆಲ್ಲ ಗುಂಯ್ ಅನ್ನುತ್ತಿತ್ತು. 10 ಅಡಿ ಅಗಲದ ಹಾಲಿನಲ್ಲಿ 56 ಹರ್ಟ್ಜ್ ಆಸುಪಾಸಿನ ತಗ್ಗು ಸದ್ದು, ಅಂದರೆ ಬಾಸ್, ತಾನಾಗೇ ಊದಿಕೊಳ್ಳುತ್ತದೆ. ಟವರ್ ಅಲ್ಲಿಗೇ ಚೆನ್ನಾಗಿ ಬಾಸ್ ತುಂಬಿಸಿತು, ನಾನು ಅದನ್ನು ಮೂಲೆಗೆ ತಳ್ಳಿ ಇನ್ನಷ್ಟು ಕೆಡಿಸಿದೆ. ಕೇಬಲ್ ಬದಲಾಯಿಸಿದೆ, ಆಂಪ್ಲಿಫೈಯರ್ ಬದಲಾಯಿಸಿದೆ. ಕೊನೆಗೆ ಅರ್ಧ ಬೆಲೆಗೆ ಮಾರಿದೆ.

ಈಗ ನಿಮ್ಮ ಪ್ರಶ್ನೆ. 'ಕಛೇರಿಯಲ್ಲಿ ಕೇಳಿದ ಹಾಗೆ' ಅಂದಿರಿ. ಯಾವ ಕಛೇರಿ ಸ್ವಾಮಿ? ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಯಲ್ಲಿ ನೀವು ಕೇಳುವುದು ಮೈಕು, ಮಿಕ್ಸರು, ದೊಡ್ಡ ಸ್ಪೀಕರುಗಳ ಸದ್ದು. ಚೌಡಯ್ಯ ಹಾಲಿನಲ್ಲೂ ಅಷ್ಟೇ. ಅದನ್ನೇ ಸಹಜ ಅಂದುಕೊಂಡು ಹೊರಟರೆ ಚುಚ್ಚುವ ಸ್ಪೀಕರೇ ಇಷ್ಟವಾಗುತ್ತದೆ. ಮೈಕಿಲ್ಲದೆ ನೀವು ದಿನಾ ಕೇಳುವುದು ಮನೆಯವರ ಮಾತು. ಅಳತೆಗೋಲು ಅದೇ ಆಗಲಿ.

1970ರ ದಶಕದಲ್ಲಿ ಬಿಬಿಸಿಯವರು ಹೊರಾಂಗಣ ಪ್ರಸಾರದ ವ್ಯಾನುಗಳಿಗೆ ಎಲ್‌ಎಸ್‌3/5ಎ ಅನ್ನುವ ಒಂದಡಿ ಎತ್ತರದ ಸ್ಪೀಕರ್ ಮಾಡಿದ್ದರು. ಮಾತು ಮಾತಿನಂತೆ ಕೇಳಿಸುತ್ತದೆ ಅನ್ನುವುದಕ್ಕೇ ಅದಕ್ಕೆ ಇವತ್ತಿಗೂ ಹೆಸರು. ಆಳದ ಬಾಸ್ ಇಲ್ಲ. ಸೆನ್ಸಿಟಿವಿಟಿ 83ರ ಆಸುಪಾಸು. ನಾನು ಹೋದ ಅಂಗಡಿಯಲ್ಲಿ ಇಟ್ಟಿದ್ದರೆ ಮೊದಲ ಹಾಡಿಗೇ ಸೋಲುತ್ತಿತ್ತು.

ಆಮೇಲೆ ನಾನು ಮಾಡಿದ್ದು ಇದು. ಗಾಡಿಗಳ ಗಲಾಟೆ ಶುರುವಾಗುವ ಮುಂಚೆ ಅಮ್ಮನನ್ನು ತಾರಸಿಗೆ ಕರೆದುಕೊಂಡು ಹೋಗಿ ಪೇಪರ್ ಓದಿಸಿ, ಹತ್ತಿರದಿಂದ ರೆಕಾರ್ಡ್ ಮಾಡಿದೆ. ಹಾಲಿನಲ್ಲೇ ಮಾಡಿದರೆ ಹಾಲಿನ ಪ್ರತಿಧ್ವನಿ ಎರಡೆರಡು ಸಲ ಸೇರುತ್ತದೆ. ಫೋನ್ ಮೈಕೂ ನಡೆಯುತ್ತದೆ, ಸ್ವಲ್ಪ ಒಳ್ಳೆಯ ಮೈಕ್ ಸಿಕ್ಕರೆ ಇನ್ನೂ ವಾಸಿ. ನೀವೂ ಹೀಗೇ ಮನೆಯವರ ಮಾತು ರೆಕಾರ್ಡ್ ಮಾಡಿಕೊಂಡು ಹೋಗಿ. ಅಂಗಡಿಯಲ್ಲಿ ಮೊದಲು ಒಂದೇ ಸಮ ಶ್ರುತಿ ಹಿಡಿಯುವ ತಂಬೂರಿ ಆ್ಯಪ್ ಹಾಕಿ, ಕೂರುವ ಜಾಗದಲ್ಲಿ ಫೋನಿನ ಸೌಂಡ್ ಮೀಟರ್ ಇಟ್ಟು, ಎರಡೂ ಜೋಡಿಯ ಸದ್ದು ಸಮ ಮಾಡಿಸಿ. ಆಮೇಲೆ ಆ ರೆಕಾರ್ಡಿಂಗ್ ಕೇಳಿ. ಎದೆಯಿಂದ ಗುಡುಗುತ್ತಿದ್ದರೆ ಬೇಡ. ಮೂಗಿನಲ್ಲಿ ಮಾತಾಡಿದರೆ ಬೇಡ. ಸ, ಶ ಉಗುಳಿದರೆ ಖಂಡಿತ ಬೇಡ. ಅಂಗಡಿಯವರು ನಗುತ್ತಾರೆ, ನಗಲಿ.

ನಿಮ್ಮ ಹಾಲಿಗೆ ಟವರ್ ಬೇಡವೇ ಬೇಡ. ಬುಕ್‌ಶೆಲ್ಫಿಗೆ 60 ಸಾವಿರ ಸಾಕು. ಆದರೆ ಶೆಲ್ಫಿನಲ್ಲಿ ಇಡಬೇಡಿ. ಗೋಡೆಯಿಂದ ಎರಡಡಿ ಮುಂದೆ, ಮೇಲಿನ ಚಿಕ್ಕ ಟ್ವೀಟರ್ (ಏರು ಸ್ವರಗಳನ್ನು ಕೇಳಿಸುವ ಭಾಗ) ನಿಮ್ಮ ಕಿವಿಯ ಎತ್ತರಕ್ಕೆ ಬರುವ ಹಾಗೆ ಸ್ಟ್ಯಾಂಡ್ ಮೇಲಿಡಿ. ಹಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿ. ಟ್ರಿಂಗ್ ಅಂತ ಬಾಲ ಬಂದರೆ ಉಳಿದ ದುಡ್ಡಲ್ಲಿ ದಪ್ಪ ಪರದೆ, ದೊಡ್ಡ ಜಮಖಾನ ತನ್ನಿ. ಬರೀ ಟೈಲ್ಸ್ ನೆಲದ ಮೇಲೆ ಎಂಥ ಸ್ಪೀಕರೂ ಚುಚ್ಚುತ್ತದೆ. ಶನಿವಾರ ಮನೆಗೆ ಒಯ್ದು ಸೋಮವಾರ ವಾಪಸ್ ತರುತ್ತೇನೆ ಅಂತ ಕೇಳಿ ನೋಡಿ, ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.