ಶುಂಠಿಯ ಹೆಸರಿನೊಳಗಿನ ಬೇರು

ಹಾಸನದ ಓದುಗರೊಬ್ಬರ ಪತ್ರ: ‘ಮಗಳು ಜರ್ಮನಿಯಿಂದ ತಂದ ಚಹಾ ಪೊಟ್ಟಣದ ಮೇಲೆ ಶುಂಠಿಗೆ “ಇಂಗ್‌ವರ್” ಎಂದಿದೆ. ಮಲಯಾಳಿಗಳ “ಇಂಜಿ”ಗೆ ನಮ್ಮ “ಬೇರು” ಸೇರಿಸಿದ ಹಾಗೇ ಕೇಳುತ್ತದೆ. ಪದ ನಮ್ಮ ಕಡೆಯಿಂದ ನೇರವಾಗಿ ಅಲ್ಲಿಗೆ ಹೋಯಿತೇ?’

ಬೇರನ್ನು ನೀವು ಸರಿಯಾಗಿಯೇ ಗುರುತಿಸಿದ್ದೀರಿ. ‘ನೇರವಾಗಿ’ ಎಂಬುದನ್ನು ಮಾತ್ರ ಒಪ್ಪಲಾರೆ.

ನಮ್ಮ ‘ಬೇರು’ ತಮಿಳು, ಮಲಯಾಳದಲ್ಲಿ ‘ವೇರ್’. ಇಂಜಿಯ ವೇರ್ ಎಂಬ ದಕ್ಷಿಣದ ಮಾತೇ ಮೂಲವೆಂದು ಬಹುಪಾಲು ಭಾಷಾತಜ್ಞರು ಒಪ್ಪುತ್ತಾರೆ. ಹಿಂದೆ ಇಂಜಿಯ ಮೊದಲಲ್ಲಿ ಚಕಾರವಿತ್ತು. ನಮ್ಮ ‘ಸಾವಿರ’ಕ್ಕೆ ಸಾಟಿಯಾದ ತಮಿಳಿನ ‘ಆಯಿರಂ’ನಲ್ಲಿ ಮೊದಲ ವ್ಯಂಜನ ಹೋದಂತೆ ಅದೂ ಹೋಯಿತು. ಹೋದ ದನಿಯ ಗುರುತು ಪಾಲಿಯ ‘ಸಿಂಗಿವೇರ’ದಲ್ಲಿ ಉಳಿದಿದೆ. ಸಂಸ್ಕೃತದವರು ಅದನ್ನು ‘ಶೃಂಗವೇರ’ ಮಾಡಿ, ಕೊಂಬಿನಂಥ ಮೈಯುಳ್ಳದ್ದು ಎಂದು ಅರ್ಥ ಹಚ್ಚಿದರು. ಹಸಿಶುಂಠಿಯ ಗಡ್ಡೆಯೊಂದನ್ನು ಬೆಳಕಿಗೆ ಹಿಡಿದು ನೋಡಿ: ಜಿಂಕೆಯ ಕೊಂಬಿನಂತೆಯೇ ಕವಲೊಡೆದಿರುತ್ತದೆ. ಚೆಂದದ ಅರ್ಥ, ಆದರೆ ಆಮೇಲೆ ಹೊಂದಿಸಿದ್ದು.

ವ್ಯಾಪಾರಿಗಳ ಬಾಯಲ್ಲಿ ಪದ ಗ್ರೀಕರಿಗೆ ‘ಜಿಂಗಿಬೆರಿಸ್’ ಆಗಿ ಸಿಕ್ಕಿತು, ಅಲ್ಲಿಂದ ರೋಮಿಗೆ ಹೋಯಿತು. ಇದು ಕಾಳುಮೆಣಸಿನ ಗಿಡದ ಬೇರಲ್ಲ ಎಂದು 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ತಿದ್ದಿ ಹೇಳಬೇಕಾಯಿತು. ಮಾಲು ಬರುತ್ತಿತ್ತು, ಗಿಡ ಕಂಡವರಿರಲಿಲ್ಲ. ಅವನು ಬರೆದಿಟ್ಟ ಬೆಲೆ ಪೌಂಡಿಗೆ 6 ದಿನಾರಿ, ಅಂದರೆ ರೋಮಿನ 6 ಬೆಳ್ಳಿ ನಾಣ್ಯ. ಲ್ಯಾಟಿನ್ನಿನಿಂದ ಸ್ಪ್ಯಾನಿಷ್‌ನ ‘ಹೆನ್‌ಹಿಬ್ರೆ’, ಇಟಲಿಯ ‘ಜೆನ್‌ಜೆರೊ’, ಇಂಗ್ಲಿಷಿನ ‘ಜಿಂಜರ್’ ಎಲ್ಲ ಹುಟ್ಟಿದವು. ಇಂಗ್ಲಿಷಿನಲ್ಲಿ ನಮ್ಮ ಬೇರು ಸವೆದು ಬರೀ ‘ಅರ್’ ಉಳಿದಿದೆ. ರಷ್ಯನ್ನರು ‘ಇಂಬೀರ್’ ಎನ್ನುತ್ತಾರೆ. ನನಗೆ ತೀರಾ ಇಷ್ಟವಾದದ್ದು ಹಂಗೇರಿಯ ‘ಜ್ಯೊಂಬೇರ್’. ಜೋರಾಗಿ ಹೇಳಿ ನೋಡಿ, ಕೊನೆಯಲ್ಲಿ ಬೇರು ಹಾಗೇ ಕೇಳಿಸುತ್ತದೆ.

ಈಗ ನಿಮ್ಮ ಪೊಟ್ಟಣದ ವಿಷಯ. ಹಳೆಯ ಜರ್ಮನ್ನಿನಲ್ಲಿ ಪದ ‘ಗಿಂಗಿಬೆರೊ’ ಎಂದಿತ್ತು. ಕಾಲಕ್ರಮದಲ್ಲಿ ಅದರ ಮೊದಲ ವ್ಯಂಜನ ಬಿದ್ದು, ಬಕಾರ ವಕಾರವಾಯಿತು. ತಮಿಳಿನಲ್ಲಿ ಆದ ನಷ್ಟವೇ ಬೇರೆ, ಇದೇ ಬೇರೆ. ಒಂದನ್ನು ನೋಡಿ ಇನ್ನೊಂದು ಆದದ್ದಲ್ಲ. ಎರಡೂ ಕಡೆ ತಲೆ ಹೋದದ್ದರಿಂದ ಮುಖ ಒಂದೇ ಥರ ಕಾಣುತ್ತಿದೆ. ಬಾಲ ಮಾತ್ರ ನಿಜಕ್ಕೂ ಒಂದೇ.

ಕನ್ನಡದ ‘ಶುಂಠಿ’ ಬೇರೊಂದು ಪದ. ಸಂಸ್ಕೃತದ ‘ಶುಂಠೀ’ ಎಂದರೆ ಒಣಗಿಸಿದ್ದು. ಹಾಗಾಗಿಯೇ ತಾಜಾ ಗಡ್ಡೆಗೆ ನಾವು ‘ಹಸಿ’ ಸೇರಿಸಬೇಕಾಗಿದೆ. ಉತ್ತರ ಕರ್ನಾಟಕದ ಅಡುಗೆಮನೆಗಳಿಗೆ ಆ ಕಷ್ಟವಿಲ್ಲ, ಅಲ್ಲಿ ಅದು ‘ಅಲ್ಲ’.

– ಸಂಪಾದಕ