ಐದನೆಯ ಸ್ಥಾನದಿಂದ ಬಡ್ತಿ: ವಿಂಬಲ್ಡನ್ ಫುಟ್‌ಬಾಲ್ ಕ್ಲಬ್ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಇಂಗ್ಲೆಂಡಿನ ನಾಲ್ಕನೆಯ ದರ್ಜೆಯ ಲೀಗಿನಲ್ಲಿ ಆಡಿ, 2025ರ ಮೇ ತಿಂಗಳಲ್ಲಿ ಮೂರನೆಯ ದರ್ಜೆಗೆ ಬಡ್ತಿ ಪಡೆದ ಎಎಫ್‌ಸಿ ವಿಂಬಲ್ಡನ್ ಕ್ಲಬ್ಬಿನ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಬರೆದಿದ್ದೆ. ಅದನ್ನು ಓದಿ ಹಲವರು ಪತ್ರ ಬರೆದಿದ್ದಾರೆ. ದಕ್ಷಿಣ ಲಂಡನ್ನಿನಲ್ಲಿ ನೆಲೆಸಿ, ಹನ್ನೆರಡು ವರ್ಷಗಳಿಂದ ಈ ತಂಡದ ಹಿಂದೆ ಓಡಾಡುತ್ತಿರುವ ಒಬ್ಬ ಅಭಿಮಾನಿಯಾಗಿ ನಾನು ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ವಿಂಬಲ್ಡನ್ ಎಂದರೆ ನಮಗೆ ಗೊತ್ತಿರುವುದು ಟೆನಿಸ್ ಮಾತ್ರ. ಅಲ್ಲಿ ಫುಟ್‌ಬಾಲ್ ಕ್ಲಬ್ ಕೂಡ ಇದೆಯೆಂದು ನಿಮ್ಮ ಟಿಪ್ಪಣಿಯಿಂದ ತಿಳಿಯಿತು. ಇದು ಯಾವ ಕಾಲದ ಕ್ಲಬ್? ಅಭಿಮಾನಿಗಳೇ ಇದರ ಒಡೆಯರು ಎಂದು ಬರೆದಿದ್ದೀರಿ, ಹಾಗೆಂದರೇನು?
(ಓದುಗರು, ಶಿವಮೊಗ್ಗ)

ಮೂಲದ ವಿಂಬಲ್ಡನ್ ಕ್ಲಬ್ ಹುಟ್ಟಿದ್ದು 1889ರಲ್ಲಿ. ಬಹುಕಾಲ ಹವ್ಯಾಸಿಗಳ ತಂಡವಾಗಿದ್ದ ಅದು 1977ರಲ್ಲಿ ವೃತ್ತಿಪರ ಲೀಗಿಗೆ ಸೇರಿ, ಒಂಬತ್ತೇ ವರ್ಷಗಳಲ್ಲಿ ಅತ್ಯುನ್ನತ ದರ್ಜೆಗೆ ಏರಿತು. 1988ರಲ್ಲಿ ಲಿವರ್‌ಪೂಲಿನಂಥ ಬಲಾಢ್ಯ ತಂಡವನ್ನು 1-0 ಅಂತರದಿಂದ ಮಣಿಸಿ ದೇಶದ ಪ್ರಮುಖ ನಾಕೌಟ್ ಪಂದ್ಯಾವಳಿಯಾದ ಎಫ್‌ಎ ಕಪ್ ಗೆದ್ದಿತು. ಆದರೆ 1991ರಲ್ಲಿ ಪ್ಲೌ ಲೇನ್ ಎಂಬ ತನ್ನ ಅಂಗಳವನ್ನು ಬಿಟ್ಟು, ಕ್ರಿಸ್ಟಲ್ ಪ್ಯಾಲೆಸ್ ಕ್ಲಬ್ಬಿನ ಅಂಗಳದಲ್ಲಿ ಬಾಡಿಗೆದಾರನಂತೆ ಆಡಬೇಕಾಗಿ ಬಂತು. 2002ರ ಮೇ 28ರಂದು ಫುಟ್‌ಬಾಲ್ ಸಂಸ್ಥೆಯ ಮೂವರು ಸದಸ್ಯರ ಸಮಿತಿಯು, ಇಬ್ಬರು ಒಪ್ಪಿ ಒಬ್ಬರು ಒಪ್ಪದ ತೀರ್ಪಿನ ಮೂಲಕ, ಕ್ಲಬ್ಬನ್ನು ನೂರು ಕಿಲೋಮೀಟರಿಗೆ ಸಮೀಪದ ದೂರದಲ್ಲಿರುವ ಮಿಲ್ಟನ್ ಕೀನ್ಸ್ ಎಂಬ ಹೊಸ ಪಟ್ಟಣಕ್ಕೆ ಒಯ್ಯಲು ಮಾಲೀಕರಿಗೆ ಅನುಮತಿ ಕೊಟ್ಟಿತು.

ಊರಿನ ತಂಡವನ್ನು ಊರಿನಿಂದಲೇ ಕಿತ್ತೊಯ್ದ ಮೇಲೆ ಉಳಿದವರು ಏನು ಮಾಡಬೇಕು? ಕೆಲವೇ ವಾರಗಳಲ್ಲಿ ಅಭಿಮಾನಿಗಳು ತಾವೇ ಒಂದು ಕ್ಲಬ್ ಕಟ್ಟಿದರು, ಅದೇ ಇಂದಿನ ಎಎಫ್‌ಸಿ ವಿಂಬಲ್ಡನ್. ವಿಂಬಲ್ಡನ್ನಿನ ಸಾರ್ವಜನಿಕ ಹುಲ್ಲುಗಾವಲಿನಲ್ಲಿ ಆಟಗಾರರ ಆಯ್ಕೆ ನಡೆಸಿ, ಒಂಬತ್ತನೆಯ ದರ್ಜೆಯಿಂದ ಆಟ ಶುರುಮಾಡಿದರು. ಡಾನ್ಸ್ ಟ್ರಸ್ಟ್ ಎಂಬ ಅಭಿಮಾನಿಗಳ ಸಂಘ ಅದರ ಒಡೆತನ ಹೊಂದಿದೆ. ನೂರು ಪೌಂಡ್ ಕೊಟ್ಟವರಾಗಲಿ ಸಾವಿರ ಪೌಂಡ್ ಕೊಟ್ಟವರಾಗಲಿ, ಸಂಘದ ಸದಸ್ಯರಾದ ಎಲ್ಲರಿಗೂ ಇರುವುದು ಒಂದೇ ಮತ. ಆ ಕ್ಲಬ್ 2011ರಲ್ಲಿ ವೃತ್ತಿಪರ ಲೀಗಿಗೆ ಬಂತು. ಒಂಬತ್ತು ವರ್ಷಗಳಲ್ಲಿ ಐದು ಬಡ್ತಿ.

ಪ್ರಶ್ನೆ: 2024-25ರ ಋತುವಿನಲ್ಲಿ ನಿಮ್ಮ ತಂಡ ಐದನೆಯ ಸ್ಥಾನದಲ್ಲಿತ್ತು. ನಾಲ್ಕನೆಯ ಸ್ಥಾನದಲ್ಲಿದ್ದ ತಂಡವನ್ನು ಬಿಟ್ಟು ಐದನೆಯವರಿಗೆ ಬಡ್ತಿ ಸಿಕ್ಕಿದ್ದು ನ್ಯಾಯವೇ? ಇದನ್ನು ಒಳ್ಳೆಯ ಋತು ಎಂದು ಯಾವ ಆಧಾರದ ಮೇಲೆ ಹೇಳುತ್ತೀರಿ?
(ಓದುಗರು, ಮೈಸೂರು)

ಮೊದಲು ನಿಯಮ ಹೇಳಿಬಿಡುತ್ತೇನೆ. ಲೀಗ್ ಟೂ ಎಂದು ಕರೆಯುವ ಈ ದರ್ಜೆಯಲ್ಲಿ 24 ತಂಡಗಳಿವೆ. ಪ್ರತಿ ತಂಡಕ್ಕೆ 46 ಪಂದ್ಯ. ಮೊದಲ ಮೂರು ತಂಡಗಳಿಗೆ ನೇರ ಬಡ್ತಿ. ನಾಲ್ಕರಿಂದ ಏಳರವರೆಗಿನ ತಂಡಗಳು ಪ್ಲೇ-ಆಫ್ ಆಡಿ, ಗೆದ್ದ ಒಂದು ತಂಡ ಮೇಲೇರುತ್ತದೆ. ಈ ಬಾರಿ ಡಾಂಕಾಸ್ಟರ್, ಪೋರ್ಟ್ ವೇಲ್, ಬ್ರಾಡ್‌ಫರ್ಡ್ ನೇರವಾಗಿ ಮೇಲೇರಿದವು. ವಾಲ್ಸಾಲ್ 77 ಅಂಕಗಳೊಂದಿಗೆ ನಾಲ್ಕನೆಯದು, ನಾವು 73 ಅಂಕಗಳೊಂದಿಗೆ ಐದನೆಯವರು.

ವಾಲ್ಸಾಲ್ ತಂಡದ ಅಭಿಮಾನಿಗಳ ನೋವನ್ನು ನಾನು ಹಗುರವಾಗಿ ಕಾಣಲಾರೆ. ಜನವರಿಯಲ್ಲಿ ಎಲ್ಲರಿಗಿಂತ ಬಹಳ ಮುಂದಿದ್ದ ತಂಡವದು. ಕೊನೆಯ ದಿನ ತನ್ನ ಪಂದ್ಯವನ್ನು ಗೆದ್ದಿತು ಕೂಡ. ಆದರೆ ಅದೇ ಹೊತ್ತಿಗೆ ಬ್ರಾಡ್‌ಫರ್ಡಿನಲ್ಲಿ 90 ನಿಮಿಷ ಮುಗಿದು ಆರನೆಯ ನಿಮಿಷದಲ್ಲಿ ಬ್ರಾಡ್‌ಫರ್ಡ್ ತಂಡ ಹೊಡೆದ ಒಂದು ಗೋಲು ವಾಲ್ಸಾಲ್ ತಂಡವನ್ನು ಮೂರನೆಯ ಸ್ಥಾನದಿಂದ ಕೆಳಗೆ ತಳ್ಳಿತು. ಒಂದೇ ಒಂದು ಅಂಕದ ವ್ಯತ್ಯಾಸ. ಅವರು ಮತ್ತೆ ಮೈಕೊಡವಿಕೊಂಡು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದ ಪ್ಲೇ-ಆಫ್ ಫೈನಲ್‌ವರೆಗೆ ಬಂದದ್ದೇ ದೊಡ್ಡ ಮಾತು. ಆದರೂ ನಿಯಮ ಆಗಸ್ಟ್ ತಿಂಗಳಲ್ಲೇ ಎಲ್ಲರಿಗೂ ಗೊತ್ತಿತ್ತು. ಅದೇ ನಿಯಮದ ಪ್ರಕಾರ ನಾವು ನಾಟ್ಸ್ ಕೌಂಟಿ ವಿರುದ್ಧ ಅವರ ಅಂಗಳದಲ್ಲಿ 1-0, ನಮ್ಮ ಅಂಗಳದಲ್ಲಿ 1-0, ಮೇ 26ರಂದು ವೆಂಬ್ಲಿಯಲ್ಲಿ ವಾಲ್ಸಾಲ್ ವಿರುದ್ಧ ಮತ್ತೆ 1-0 ಗೆದ್ದೆವು. ಮೂರು ಪಂದ್ಯಗಳಲ್ಲಿ ಒಂದು ಗೋಲನ್ನೂ ಬಿಟ್ಟುಕೊಡದ ತಂಡಕ್ಕೆ ಬಡ್ತಿ ಸಲ್ಲಬಾರದೆಂದು ನನಗೆ ಅನ್ನಿಸುವುದಿಲ್ಲ.

ಇನ್ನು ಋತು ಒಳ್ಳೆಯದೇ ಎಂಬ ಪ್ರಶ್ನೆ. ಆ ಮೂರು ಫಲಿತಾಂಶಗಳಲ್ಲೇ ಇಡೀ ಋತುವಿನ ಸ್ವಭಾವ ಕಾಣುತ್ತದೆ. 46 ಪಂದ್ಯಗಳಲ್ಲಿ ನಾವು ಬಿಟ್ಟುಕೊಟ್ಟದ್ದು 35 ಗೋಲು, ಹೊಡೆದದ್ದು 56. ಮ್ಯಾನೇಜರ್ ಜಾನಿ ಜಾಕ್ಸನ್ ಕಟ್ಟಿದ್ದು ಮೊದಲು ಗೋಲು ಬೀಳದಂತೆ ಕಾಯ್ದು, ಸಿಕ್ಕ ಒಂದೆರಡು ಅವಕಾಶಗಳಲ್ಲಿ ಪಂದ್ಯ ಮುಗಿಸುವ ತಂಡ. ಗೋಲ್‌ಕೀಪರ್ ಓವನ್ ಗುಡ್‌ಮನ್ ಋತುವಿಡೀ ಕೋಟೆಯಂತೆ ನಿಂತರು. ಅವರನ್ನು ನಾವು ಎರವಲು ತಂದದ್ದು ಕ್ರಿಸ್ಟಲ್ ಪ್ಯಾಲೆಸ್ ಕ್ಲಬ್ಬಿನಿಂದ. ಹಿಂದೆ ನೆಲೆ ತಪ್ಪಿದ್ದಾಗ ಅಂಗಳ ಕೊಟ್ಟದ್ದೂ ಅದೇ ಕ್ಲಬ್ ಎಂಬುದು ಹಳೆಯ ಅಭಿಮಾನಿಗಳಿಗೆ ನೆನಪಿದೆ.

ಈ ಆಟ ಪ್ರತಿ ವಾರ ಕಣ್ಣಿಗೆ ಹಬ್ಬವಾಗಿತ್ತೆಂದು ನಾನು ಹೇಳುವುದಿಲ್ಲ. ಗೋಲು ಹೊಡೆಯುವುದರಲ್ಲಿ ನಮ್ಮ ತಂಡ ಮೇಲಿನವರಿಗಿಂತ ಹಿಂದೆಯೇ ಇತ್ತು, ಋತುವಿನ ಕೊನೆಯ ವಾರಗಳಲ್ಲಿ ಕಾಲು ಸೋತಂತೆ ಆಡಿತು. ಕೊನೆಯ ದಿನ ಗ್ರಿಮ್ಸ್‌ಬಿಯಲ್ಲಿ 1-0 ಗೆದ್ದ ಮೇಲೆಯೇ ನಾನು ನೆಮ್ಮದಿಯಿಂದ ಉಸಿರಾಡಿದ್ದು. ಆದರೆ ಎಲ್ಲಿಂದ ಎದ್ದುಬಂದೆವು ಎಂಬುದನ್ನೂ ನೋಡಬೇಕು. 2021-22ರಲ್ಲಿ 46 ಪಂದ್ಯಗಳಲ್ಲಿ ಕೇವಲ ಆರು ಗೆದ್ದು ಮೂರನೆಯ ದರ್ಜೆಯಿಂದ ಕೆಳಗಿಳಿದಿದ್ದೆವು. ಮರುವರ್ಷ ನಾಲ್ಕನೆಯ ದರ್ಜೆಯಲ್ಲೂ 21ನೆಯ ಸ್ಥಾನ. ಇನ್ನು ಎರಡು ಮೆಟ್ಟಿಲು ಜಾರಿದ್ದರೆ ಕೊನೆಯ ಎರಡು ಸ್ಥಾನಗಳಿಗೆ ಬಿದ್ದು ವೃತ್ತಿಪರ ಲೀಗಿನಿಂದಲೇ ಹೊರಗೆ. ಅದರ ಮುಂದಿನ ವರ್ಷ ಹತ್ತನೆಯವರು, ಈಗ ಬಡ್ತಿ. ಹಣದ ಹೊಳೆ ಹರಿಸುವ ಮಾಲೀಕನಿಲ್ಲದ ಕ್ಲಬ್ಬು ಮೂರೇ ವರ್ಷಗಳಲ್ಲಿ ಇಷ್ಟು ದೂರ ನಡೆದುಬಂದದ್ದನ್ನು ಒಳ್ಳೆಯದೆಂದೇ ಕರೆಯುತ್ತೇನೆ.

ಪ್ರಶ್ನೆ: ಋತುವಿನ ಮಧ್ಯೆ ಪ್ರವಾಹ ಬಂದು ಮೈದಾನ ಕುಸಿಯಿತೆಂದು ಒಂದೇ ಸಾಲಿನಲ್ಲಿ ಬರೆದಿದ್ದಿರಿ. ಏನಾಯಿತೆಂದು ವಿವರವಾಗಿ ತಿಳಿಸುವಿರಾ?
(ಓದುಗರು, ಮಡಿಕೇರಿ)

ನೆಲ ಕುಸಿಯುವುದೆಂದರೇನೆಂದು ಕೊಡಗಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲಿ ಪ್ರಾಣಹಾನಿ ಆಗಲಿಲ್ಲ. ಹಾಗಾಗಿ ಆ ದುಃಖದೊಡನೆ ಇದನ್ನು ಹೋಲಿಸುವುದೂ ಇಲ್ಲ.

2024ರ ಸೆಪ್ಟೆಂಬರ್ 22ರ ಭಾನುವಾರ ಲಂಡನ್ನಿನಲ್ಲಿ ವಿಪರೀತ ಮಳೆ ಸುರಿಯಿತು. ಅಂಗಳದ ಪಕ್ಕದಲ್ಲೇ ವಾಂಡಲ್ ಎಂಬ ಚಿಕ್ಕ ನದಿ ಹರಿಯುತ್ತದೆ. ನಮ್ಮ ಕಡೆಯವರು ಕಂಡರೆ ಹಳ್ಳ ಎಂದೇ ಕರೆದಾರು. ಅದು ದಡ ಮೀರಿ ಕ್ರೀಡಾಂಗಣಕ್ಕೆ ನುಗ್ಗಿತು. ಮರುದಿನ ಬೆಳಿಗ್ಗೆ ಬಂದ ಚಿತ್ರಗಳನ್ನು ನೋಡಿದಾಗ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟು ಕುಳಿತುಬಿಟ್ಟೆ. ಮೈದಾನದ ಒಂದು ಬದಿಯಲ್ಲಿ ದೊಡ್ಡ ಗುಂಡಿ ಬಾಯಿತೆರೆದಿತ್ತು. ಕೆಳಗಿನ ಮಣ್ಣು ಕೊಚ್ಚಿಹೋಗಿ, ಹಸಿರು ಹುಲ್ಲುಹಾಸು ಮಂಚದ ಅಂಚಿನಿಂದ ಜಾರಿದ ಕಂಬಳಿಯಂತೆ ಗುಂಡಿಯೊಳಕ್ಕೆ ಇಳಿಬಿದ್ದಿತ್ತು.

ಆ ವಾರವೇ, ಎಲ್ಲ ದರ್ಜೆಯ ವೃತ್ತಿಪರ ತಂಡಗಳೂ ಆಡುವ ಲೀಗ್ ಕಪ್ ಎಂಬ ನಾಕೌಟ್ ಪಂದ್ಯಾವಳಿಯಲ್ಲಿ, ಪ್ರೀಮಿಯರ್ ಲೀಗಿನ ನ್ಯೂಕಾಸಲ್ ನಮ್ಮಲ್ಲಿಗೆ ಬರಬೇಕಿತ್ತು. ಹಿಂದಿನ ಸುತ್ತಿನಲ್ಲಿ, ಅದೇ ಉನ್ನತ ದರ್ಜೆಯ ಇಪ್ಸ್‌ವಿಚ್ ತಂಡವನ್ನು ಪೆನಾಲ್ಟಿ ಶೂಟೌಟಿನಲ್ಲಿ ಸೋಲಿಸಿ ನಾವು ಆ ಪಂದ್ಯಕ್ಕಾಗಿ ಹಗಲೆಣಿಸುತ್ತಿದ್ದೆವು. ಟಿಕೆಟ್ ಹಣ, ಟೀವಿ ನೋಟ, ಊರಿನ ಸಂಭ್ರಮ ಎಲ್ಲ ಸೇರಿ ಚಿಕ್ಕ ಕ್ಲಬ್ಬಿಗೆ ಅಂಥ ರಾತ್ರಿ ವರ್ಷಕ್ಕೊಮ್ಮೆ ಸಿಕ್ಕರೆ ಪುಣ್ಯ. ಪಂದ್ಯವನ್ನು ನ್ಯೂಕಾಸಲ್ ಅಂಗಳಕ್ಕೆ ಸ್ಥಳಾಂತರಿಸಬೇಕಾಯಿತು. ಅಲ್ಲಿ ಪೆನಾಲ್ಟಿಯಿಂದ ಬಂದ ಒಂದೇ ಗೋಲಿನಿಂದ ಸೋತೆವು.

ಆಮೇಲೆ ನಡೆದದ್ದನ್ನು ನಾನು ಮರೆಯಲಾರೆ. ಅಭಿಮಾನಿಯೊಬ್ಬರು ಶುರುಮಾಡಿದ ನಿಧಿಗೆ ಒಂದು ಲಕ್ಷ ಪೌಂಡಿಗಿಂತ ಹೆಚ್ಚು ಹಣ ಕೂಡಿತು. ನ್ಯೂಕಾಸಲ್ ಕ್ಲಬ್ಬೇ 15,000 ಪೌಂಡ್ ಕೊಟ್ಟಿತು. ಬೇರೆ ತಂಡಗಳ ಅಭಿಮಾನಿಗಳೂ ಐದು, ಹತ್ತು ಪೌಂಡ್ ಹಾಕಿದರು. ಕೆಲವೇ ವಾರಗಳಲ್ಲಿ ಮೈದಾನ ಮತ್ತೆ ಆಟಕ್ಕೆ ಸಿದ್ಧವಾಯಿತು. ಋತುವಿನ ತಿರುವು ಯಾವುದೆಂದು ಕೇಳಿದರೆ ಹೆಚ್ಚಿನವರು ವೆಂಬ್ಲಿಯ ಗೋಲನ್ನು ಹೇಳುತ್ತಾರೆ. ನಾನು ಆ ಗುಂಡಿ ಮುಚ್ಚಿದ ದಿನಗಳನ್ನು ಹೇಳುತ್ತೇನೆ.

ಪ್ರಶ್ನೆ: ಅಭಿಮಾನಿಗಳ ಒಡೆತನ ಕೇಳಲು ಚೆನ್ನ. ಅದರಿಂದ ತೊಂದರೆಯೇ ಇಲ್ಲವೇ? ಬೆಂಗಳೂರಿನ ಕ್ಲಬ್‌ಗಳಲ್ಲಿ ಇದು ಸಾಧ್ಯವೇ?
(ಓದುಗರು, ಬೆಂಗಳೂರು)

ತೊಂದರೆ ಇದೆ. ವರ್ಷದ ಕೊನೆಯಲ್ಲಿ ಲೆಕ್ಕದಲ್ಲಿ ಕೊರತೆ ಕಂಡರೆ ಜೇಬಿನಿಂದ ತುಂಬಿಸುವ ಧಣಿ ನಮಗಿಲ್ಲ. ಚೆನ್ನಾಗಿ ಆಡಿದ ಹುಡುಗನನ್ನು ದೊಡ್ಡ ಕ್ಲಬ್ ಕರೆದರೆ ಮಾರಲೇಬೇಕು. 2020ರಲ್ಲಿ ಹಳೆಯ ಅಂಗಳದಿಂದ ಕೂಗಳತೆಯಲ್ಲಿ, ನಾಯಿಗಳ ಓಟದ ಪಂದ್ಯ ನಡೆಯುತ್ತಿದ್ದ ಜಾಗದಲ್ಲಿ ಹೊಸ ಪ್ಲೌ ಲೇನ್ ಕಟ್ಟುವಾಗ ಹಣ ಸಾಲದೆ ಬಂದು, ಹೊರಗಿನ ಹೂಡಿಕೆದಾರರನ್ನು ಒಳಗೆ ಬಿಡಬೇಕೇ ಎಂಬ ಚರ್ಚೆ ಎದ್ದಿತ್ತು. ಆಗ ಅಭಿಮಾನಿಗಳು ಬಾಂಡ್ ಮೂಲಕ ಕ್ಲಬ್ಬಿಗೆ 50 ಲಕ್ಷ ಪೌಂಡಿಗೂ ಹೆಚ್ಚು ಸಾಲ ಕೊಟ್ಟು ಒಡೆತನ ಉಳಿಸಿಕೊಂಡರು. ಆ ಸಾಲ ತೀರಿಸಬೇಕಾದದ್ದೇ, ಅದರ ಭಾರ ಪ್ರತಿ ವರ್ಷದ ಬಜೆಟ್ಟಿನ ಮೇಲಿದೆ. ಹೊಸ ಆಟಗಾರ ಏಕೆ ಬರಲಿಲ್ಲವೆಂದು ಸಿಡುಕುವಾಗ ನಾನು ಇದನ್ನು ನೆನಪಿಸಿಕೊಳ್ಳುತ್ತೇನೆ.

ಬೆಂಗಳೂರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದಂಥ ಬಡಾವಣೆಗಳಿಗೆ ಫುಟ್‌ಬಾಲ್ ಹೊಸದಲ್ಲ. ಅಲ್ಲಿನ ಮನೆಗಳಿಂದ ಭಾರತ ತಂಡಕ್ಕೆ ಆಡಿದವರು ಬಂದಿದ್ದಾರೆ. ಆದರೆ ಒಡೆತನಕ್ಕೆ ಮೊದಲು ಬೇಕಾದದ್ದು ವಾರವಾರವೂ ಟಿಕೆಟ್ ಕೊಂಡು ಬರುವ ಒಂದೆರಡು ಸಾವಿರ ಮಂದಿ. ಅಶೋಕನಗರದ ಕ್ರೀಡಾಂಗಣದಲ್ಲಿ ಜಿಲ್ಲಾ ಲೀಗಿನ ಪಂದ್ಯಗಳು ಕೆಲಸದ ದಿನಗಳ ಮಧ್ಯಾಹ್ನ ನಡೆಯುವವರೆಗೆ ಆ ಜನ ಎಲ್ಲಿಂದ ಬರಬೇಕು? ಬಡಾವಣೆಯ ಒಂದು ಕ್ಲಬ್ಬಾದರೂ ಭಾನುವಾರ ಸಂಜೆ, ನಿಗದಿತ ಹೊತ್ತಿಗೆ, ತನ್ನದೇ ಅಂಗಳದಲ್ಲಿ ಆಡುವಂತಾಗಲಿ. ಸಂಘ, ಮತ, ಬಾಂಡ್ ಎಲ್ಲ ಅದರ ಮೇಲೆ ಕಟ್ಟಬಹುದಾದದ್ದು.

ಪ್ರಶ್ನೆ: ಇಪ್ಪತ್ತಮೂರು ವರ್ಷಗಳಾದವು. ಮಿಲ್ಟನ್ ಕೀನ್ಸ್ ಮೇಲಿನ ಸಿಟ್ಟನ್ನು ಇನ್ನೂ ಬಿಡಬಾರದೇ?
(ಓದುಗರು, ಧಾರವಾಡ)

ಆ ಊರಿನ ಜನರ ಮೇಲೆ ನನಗೆ ಸಿಟ್ಟಿಲ್ಲ. ಅಲ್ಲಿ ಹುಟ್ಟಿ, ಹತ್ತಿರದ ತಂಡವೆಂದು ಪ್ರೀತಿಸುವ ಮಕ್ಕಳ ತಪ್ಪೇನೂ ಇಲ್ಲ. 2007ರಲ್ಲಿ ಅಲ್ಲಿನ ಕ್ಲಬ್ ಹಳೆಯ ವಿಂಬಲ್ಡನ್ ಕ್ಲಬ್ಬಿನ ಸ್ಮರಣಿಕೆಗಳನ್ನು ವಿಂಬಲ್ಡನ್ ಸೇರಿರುವ ಮರ್ಟನ್ ಆಡಳಿತಕ್ಕೆ ಒಪ್ಪಿಸಿದ್ದು ಒಳ್ಳೆಯ ಕೆಲಸ. ಆದರೆ ಸಿಟ್ಟು ಆ ತೀರ್ಪಿನ ಮೇಲೆ. ಒಂದು ಊರಿನ ಕ್ಲಬ್ಬನ್ನು ಅಂಗಡಿಯ ಸಾಮಾನಿನಂತೆ ಬೇರೆಡೆಗೆ ಸಾಗಿಸಬಹುದೆಂದು ಒಪ್ಪಿದ ತೀರ್ಪು ಅದು. ಅದನ್ನು ಮರೆಯಲು ನಾನು ಸಿದ್ಧನಿಲ್ಲ. 2024ರ ಮಾರ್ಚಿನಲ್ಲಿ ಮಿಲ್ಟನ್ ಕೀನ್ಸ್ ತಂಡದ ವಿರುದ್ಧ ನಮ್ಮ ರೋನನ್ ಕರ್ಟಿಸ್ ಕೊನೆಯ ಗಳಿಗೆಯಲ್ಲಿ ಗೋಲು ಹೊಡೆದಾಗ, ನನ್ನ ಪಕ್ಕದ ಸೀಟಿನ ಎಪ್ಪತ್ತು ದಾಟಿದ ಹಿರಿಯರು ಮಾತೇ ಆಡದೆ ನನ್ನ ಕೈ ಹಿಡಿದುಕೊಂಡು ಕುಳಿತಿದ್ದರು.

ಪ್ರಶ್ನೆ: ಮೂರನೆಯ ದರ್ಜೆಯಲ್ಲಿ ಮುಂದಿನ, ಅಂದರೆ 2025-26ರ, ಋತುವಿನಿಂದ ಏನನ್ನು ನಿರೀಕ್ಷಿಸುತ್ತೀರಿ?
(ಓದುಗರು, ಮಂಗಳೂರು)

ಉಳಿದುಕೊಂಡರೆ ಸಾಕು, 24 ತಂಡಗಳಲ್ಲಿ 20ನೆಯ ಸ್ಥಾನ ಬಂದರೂ ಸಂತೋಷದಿಂದ ಸ್ವೀಕರಿಸುತ್ತೇನೆ. ಕಾರ್ಡಿಫ್, ಲೂಟನ್, ಪ್ಲಿಮತ್ ಮೂರೂ ಎರಡನೆಯ ದರ್ಜೆಯಿಂದ ಇಳಿದುಬಂದಿವೆ. ಅವುಗಳ ಸಂಬಳದ ಪಟ್ಟಿಯ ಮುಂದೆ ನಮ್ಮದು ಏನೇನೂ ಅಲ್ಲ. ಆದರೆ 2011ರಲ್ಲಿ ನಾವು ವೃತ್ತಿಪರ ಲೀಗಿಗೆ ಬಂದದ್ದು ಲೂಟನ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ, 2016ರಲ್ಲಿ ಮೂರನೆಯ ದರ್ಜೆಗೆ ಏರಿದ್ದು ಪ್ಲಿಮತ್ ತಂಡವನ್ನು ವೆಂಬ್ಲಿಯಲ್ಲಿ 2-0 ಮಣಿಸಿ. ಆ ಎರಡು ಹೆಸರುಗಳನ್ನು ಮತ್ತೆ ಪಂದ್ಯಗಳ ಪಟ್ಟಿಯಲ್ಲಿ ಕಂಡು ಮನಸ್ಸು ತುಂಬಿತು. ಎದುರಾಳಿಯ ಗೋಲ್‌ಪೋಸ್ಟಿನ ಬಳಿ ಗೋಲು ಹೊಡೆಯಬಲ್ಲ ಒಬ್ಬ ಆಟಗಾರ ಸಿಕ್ಕರೆ, ಮತ್ತು ನಮ್ಮ ಗೋಲ್‌ಪೋಸ್ಟಿನ ಮುಂದೆ ಈ ಬಾರಿಯಷ್ಟೇ ಭದ್ರವಾದ ಕೈಗಳು ಉಳಿದರೆ, ನಾವು ನಿಲ್ಲಬಲ್ಲೆವು. ನನ್ನ ಸೀಸನ್ ಟಿಕೆಟನ್ನು ವೆಂಬ್ಲಿಯಿಂದ ಬಂದ ಮರುದಿನವೇ ನವೀಕರಿಸಿದ್ದೇನೆ, ಅದೇ ಸಾಲು, ಆ ಹಿರಿಯರ ಪಕ್ಕದ ಅದೇ ಸೀಟು.