ಆರನೇ ಮಹಡಿಯ ಕಿಟಕಿ, ಎರಡು ಬೆಕ್ಕು

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಪರದೇಶದಲ್ಲಿ ಆರನೇ ಮಹಡಿಯ ಬಾಡಿಗೆ ಮನೆ. ಅಲ್ಲೇ ಸಾಕಲು ತಂದ ಎರಡು ಬೆಕ್ಕು, ಚುಕ್ಕಿ ಮತ್ತು ಭೀಮ. ಎರಡೂ ಹಗಲು ರಾತ್ರಿ ಮನೆಯೊಳಗೇ. ‘ಮೂಕಪ್ರಾಣೀನ ಹೀಗೆ ಕೂಡಿ ಹಾಕ್ತೀರಲ್ಲ, ಪಾಪ ಅನ್ನಿಸಲ್ವಾ’ ಎಂದು ನಿಮ್ಮ ಅಮ್ಮ ಪ್ರತಿ ವಿಡಿಯೊ ಕಾಲ್‌ನಲ್ಲೂ ಕೇಳುತ್ತಾರೆ. ಹೋದ ವಾರ, ಗಾಳಿಗೆಂದು ಓರೆಯಾಗಿ ತೆರೆದಿಟ್ಟ ಕಿಟಕಿಯ ಸಂದಿಯಲ್ಲಿ ಚುಕ್ಕಿ ತಲೆ, ಮುಂಗಾಲು ತೂರಿಸಿ ನಿಂತಿದ್ದಳು. ನೀವು ಓಡಿಹೋಗಿ ಹಿಡಿದುಕೊಂಡಿರಿ. ‘ಒಳಗಿಟ್ಟರೆ ಕ್ಷೇಮ ಅಂದುಕೊಂಡಿದ್ದೆ. ಈಗ ಅದೂ ಅನುಮಾನ’ ಎಂದು ಬರೆದಿದ್ದೀರಿ.

ಮೊದಲು ಎದ್ದು ಹೋಗಿ ಆ ಕಿಟಕಿ ಮುಚ್ಚಿ ಬನ್ನಿ. ಉಳಿದದ್ದನ್ನು ಆಮೇಲೆ ಓದಬಹುದು.

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಬೆಕ್ಕನ್ನು ಒಳಗಿಡಬಹುದು, ನನ್ನ ಮಟ್ಟಿಗೆ ಇಡಬೇಕು ಕೂಡ. ಆದರೆ ಬಾಗಿಲು ಹಾಕಿಬಿಟ್ಟರೆ ಮನೆ ತಾನಾಗಿ ಕ್ಷೇಮವಾಗಿಬಿಡುತ್ತೆ ಎಂದುಕೊಂಡರೆ ಮೋಸ ಹೋಗುತ್ತೇವೆ. ಅದರಲ್ಲೂ ಪರದೇಶದ ಮನೆ. ಅಲ್ಲಿನ ಕಿಟಕಿ ಬೇರೆ ಥರ, ಒಲೆ ಬೇರೆ ಥರ, ಬಟ್ಟೆ ಒಣಗಿಸುವುದಕ್ಕೂ ಒಂದು ಯಂತ್ರ. ಆ ಮನೆ ಬೆಕ್ಕಿಗೆ ಎಷ್ಟು ಹೊಸದೋ ನಿಮಗೂ ಅಷ್ಟೇ ಹೊಸದು. ಬೆಕ್ಕು ಯಂತ್ರದ ಕೈಪಿಡಿ ಓದುವುದಿಲ್ಲ. ನಾವೂ ಓದುವುದಿಲ್ಲ ಬಿಡಿ.

ನೀವು ಹೇಳಿದ ಕಿಟಕಿ ಯೂರೋಪಿನಲ್ಲಿ ತುಂಬಾ ಸಾಮಾನ್ಯ. ಹಿಡಿಯನ್ನು ಒಂದು ಕಡೆ ತಿರುಗಿಸಿದರೆ ಬಾಗಿಲಿನ ಹಾಗೆ ತೆರೆಯುತ್ತೆ, ಇನ್ನೊಂದು ಕಡೆ ತಿರುಗಿಸಿದರೆ ಮೇಲ್ಭಾಗ ಮಾತ್ರ ಒಳಕ್ಕೆ ವಾಲುತ್ತೆ. ನೋಡಿದರೆ ಇದಕ್ಕಿಂತ ಕ್ಷೇಮವಾದ ಕಿಟಕಿ ಇಲ್ಲ ಅನ್ನಿಸುತ್ತೆ. ಆದರೆ ಪಕ್ಕದಿಂದ ನೋಡಿ. ಸಂದಿ ಮೇಲೆ ಅಗಲ, ಕೆಳಗೆ ಹೋಗುತ್ತಾ ಇಕ್ಕಟ್ಟು. ಬೆಕ್ಕು ಮೇಲಿನ ಅಗಲಕ್ಕೆ ಹಾರುತ್ತೆ, ಕಾಲಿಗೆ ಹಿಡಿತ ಸಿಗದೆ ಕೆಳಕ್ಕೆ ಜಾರುತ್ತೆ, ಹೊಟ್ಟೆಯ ಹತ್ತಿರ ಸಿಕ್ಕಿಹಾಕಿಕೊಳ್ಳುತ್ತೆ. ಬಿಡಿಸಿಕೊಳ್ಳಲು ಕೊಸರಾಡಿದಷ್ಟೂ ಇನ್ನೂ ಕೆಳಗೆ ಬಿಗಿಯುತ್ತೆ. ಹಿಂಗಾಲಿಗೆ ರಕ್ತ ಹೋಗುವುದು ನಿಂತುಹೋಗುತ್ತೆ. ನರ, ಮೂತ್ರಪಿಂಡ ಎಲ್ಲಕ್ಕೂ ಪೆಟ್ಟು. ಜರ್ಮನಿಯ ಪಶುವೈದ್ಯರು ಇದಕ್ಕೆ ‘ಕಿಪ್‌ಫೆನ್ಸ್ಟರ್ ಸಿಂಡ್ರೋಮ್’ ಎಂದು ಬೇರೆ ಹೆಸರನ್ನೇ ಇಟ್ಟಿದ್ದಾರೆ. ಕಿಪ್‌ಫೆನ್ಸ್ಟರ್ ಅಂದರೆ ವಾಲುವ ಕಿಟಕಿ. ಹೀಗೆ ಸಿಕ್ಕಿಕೊಂಡ ಬೆಕ್ಕನ್ನು ಬಿಡಿಸಿದ ಮೇಲೆ ಅದು ಎದ್ದು ಓಡಾಡಿದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು, ಒಳಗಿನ ಪೆಟ್ಟು ಹೊರಗೆ ಕಾಣುವುದಿಲ್ಲ. ಈ ಸಂದಿಯ ಎರಡೂ ಪಕ್ಕಕ್ಕೆ ತ್ರಿಕೋನದ, ಮೇಲಕ್ಕೆ ಉದ್ದನೆಯ ಜಾಲರಿ ಸಿಗುತ್ತೆ. ಅದು ಬರುವ ತನಕ, ನೀವು ಕೋಣೆಯಲ್ಲಿ ಇಲ್ಲದಾಗ ಕಿಟಕಿ ವಾಲಿಸಬೇಡಿ. ಹತ್ತು ನಿಮಿಷಕ್ಕೂ ಬೇಡ.

‘ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೆ ನಿಲ್ಲುತ್ತೆ ಅಂತ ನಮ್ಮೆಜಮಾನರು ಹೇಳ್ತಾರೆ’ ಎಂದೂ ಬರೆದಿದ್ದೀರಿ. ಅವರ ಮಾತು ಅರ್ಧ ನಿಜ. ಗಾಳಿಯಲ್ಲೇ ಮೈ ತಿರುಗಿಸಿಕೊಳ್ಳುವ ವಿದ್ಯೆ ಬೆಕ್ಕಿಗಿದೆ. ಅವರು ಇದಕ್ಕೆ ಸಾಕ್ಷಿಯಾಗಿ ನ್ಯೂಯಾರ್ಕಿನ ಒಂದು ಅಧ್ಯಯನ ತೋರಿಸಬಹುದು. 1987ರಲ್ಲಿ ಪ್ರಕಟವಾದದ್ದು. ಎತ್ತರದ ಕಟ್ಟಡಗಳಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ಲೆಕ್ಕ, ಚಿಕಿತ್ಸೆ ಪಡೆದವುಗಳಲ್ಲಿ ನೂರಕ್ಕೆ 90 ಬದುಕಿದವು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ‘ಆಸ್ಪತ್ರೆಗೆ ಬಂದ’ ಅನ್ನುವುದನ್ನು ಇನ್ನೊಂದು ಸಲ ಓದಿ. ಬಿದ್ದ ಜಾಗದಲ್ಲೇ ಸತ್ತದ್ದನ್ನು ಯಾರು ಆಸ್ಪತ್ರೆಗೆ ಹೊತ್ತುಕೊಂಡು ಹೋಗುತ್ತಾರೆ? ಬದುಕುಳಿದವೂ ಸುಖವಾಗೇನೂ ಇರಲಿಲ್ಲ. ಎದೆಗೆ ಪೆಟ್ಟು, ಒಡೆದ ದವಡೆ, ಸೀಳಿದ ಅಂಗುಳು, ಮುರಿದ ಕಾಲು. ಕಾಲ ಮೇಲೆ ನಿಂತರೂ ಗದ್ದ ನೆಲಕ್ಕೆ ಬಡಿಯುತ್ತೆ.

ಸೊಳ್ಳೆ ಪರದೆ ಇದೆಯಲ್ಲ ಎಂದು ಸುಮ್ಮನಾಗಬೇಡಿ. ಅದು ಸೊಳ್ಳೆಗೆ ಮಾತ್ರ. ಹೊರಗೆ ಒಂದು ಪಾರಿವಾಳ ಕಂಡು ನಾಲ್ಕು ಕೆಜಿಯ ಭೀಮ ಹಾರಿ ಬಿದ್ದರೆ ಪರದೆ ಚೌಕಟ್ಟಿನ ಸಮೇತ ಕಳಚಿ ಬರುತ್ತೆ. ಬೆಕ್ಕಿಗೆಂದೇ ಮಾಡಿದ ಗಟ್ಟಿ ಜಾಲರಿ ಬೇಕು, ಚೌಕಟ್ಟು ಅಲುಗಾಡಬಾರದು. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯುವ ಹಾಗಿಲ್ಲ, ಗೊತ್ತು. ಕೊರೆಯದೆ ಬಿಗಿಯುವ ಚೌಕಟ್ಟುಗಳೂ, ನೆಲಕ್ಕೂ ಚಾವಣಿಗೂ ಒತ್ತಿ ನಿಲ್ಲುವ ಕಂಬಗಳೂ ಸಿಗುತ್ತವೆ. ಬಾಲ್ಕನಿಗೆ ಬಲೆ ಕಟ್ಟುವ ಮುಂಚೆ ಮನೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತಿನ ‘ಪರವಾಗಿಲ್ಲ’ ಮನೆ ಖಾಲಿ ಮಾಡುವ ದಿನ ಯಾರಿಗೂ ನೆನಪಿರುವುದಿಲ್ಲ.

ಅಡುಗೆಮನೆಗೆ ಬನ್ನಿ. ಮುಟ್ಟಿದರೆ ಹತ್ತುವ ವಿದ್ಯುತ್ ಒಲೆ ಇದೆ ಎಂದಿದ್ದೀರಿ. ಅದಕ್ಕೆ ನಿಮ್ಮ ಬೆರಳೂ ಒಂದೇ, ಬೆಕ್ಕಿನ ಪಾದವೂ ಒಂದೇ. ದಕ್ಷಿಣ ಕೊರಿಯಾದ ಸೋಲ್ ನಗರದ ಅಗ್ನಿಶಾಮಕ ಇಲಾಖೆ 2021ರಲ್ಲಿ ಇದರ ಬಗ್ಗೆಯೇ ಜನರಿಗೆ ಎಚ್ಚರಿಕೆ ಕೊಟ್ಟಿತ್ತು. ಸುಮಾರು ಮೂರು ವರ್ಷದಲ್ಲಿ ಬೆಕ್ಕುಗಳಿಂದ ನೂರಕ್ಕೂ ಜಾಸ್ತಿ ಬೆಂಕಿ ಅನಾಹುತಗಳಾಗಿದ್ದವು. ಒಲೆಗೆ ಬೀಗದ ಗುಂಡಿ ಇರುತ್ತೆ, ರಾತ್ರಿ ಮಲಗುವಾಗ, ಹೊರಗೆ ಹೊರಡುವಾಗ ಒತ್ತಿಬಿಡಿ. ಒಲೆಯ ಮೇಲೆ ಕಾಗದ, ಬಟ್ಟೆ ಇಡಬೇಡಿ. ಬಟ್ಟೆ ಒಣಗಿಸುವ ಯಂತ್ರವಂತೂ ಬೆಕ್ಕಿನ ಲೆಕ್ಕದಲ್ಲಿ ಬೆಚ್ಚಗಿನ ಗೂಡು. ಬಾಗಿಲು ಸದಾ ಮುಚ್ಚಿರಲಿ. ಚಾಲೂ ಮಾಡುವ ಮುಂಚೆ ಬಟ್ಟೆಯ ನಡುವೆ ಕೈಹಾಕಿ ನೋಡಿ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಎರಡೂ ಬೆಕ್ಕು ಕಣ್ಣಿಗೆ ಕಂಡ ಮೇಲೇ ಗುಂಡಿ ಒತ್ತುವುದು. ಒಂದು ಕಾಣದಿದ್ದರೆ ಬಟ್ಟೆ ಒದ್ದೆಯಾಗೇ ಕಾಯುತ್ತೆ.

ಇನ್ನು ಬಾಯಿಗೆ ಹೋಗುವ ವಸ್ತುಗಳು. ಇಲ್ಲಿ ನಾನು ಸ್ವಲ್ಪ ಹೆದರಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಲಿಲ್ಲಿ ಹೂವು ಮನೆಯೊಳಗೆ ಬರಲೇಕೂಡದು. ಅಲ್ಲೆಲ್ಲ ಊಟಕ್ಕೆ ಕರೆದರೆ ಹೂಗುಚ್ಛ ಹಿಡಿದು ಬರುತ್ತಾರೆ, ಅದರಲ್ಲಿ ಲಿಲ್ಲಿ ಇದ್ದೇ ಇರುತ್ತೆ ಎಂದುಕೊಳ್ಳಿ. ಎಲೆ, ಎಸಳು, ಹೂದಾನಿಯ ನೀರು, ಕೊನೆಗೆ ಮೈಮೇಲೆ ಉದುರಿದ ಪರಾಗವನ್ನು ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಎರಡು ಮೂರು ದಿನದಲ್ಲಿ ಕೈಕೊಡಬಹುದು. ಮೊದಲು ಒಂದೆರಡು ಸಲ ವಾಂತಿ, ಆಮೇಲೆ ಸುಧಾರಿಸಿದ ಹಾಗೆ ಕಾಣುತ್ತೆ. ಆ ಸುಧಾರಣೆ ನಂಬಿ ಕೂತವರೇ ಬೆಕ್ಕನ್ನು ಕಳೆದುಕೊಳ್ಳುವುದು. ತಿಂದಿದೆ ಎಂಬ ಸಂಶಯ ಬಂದರೆ ಸಾಕು, ಲಕ್ಷಣಕ್ಕೆ ಕಾಯದೆ ಹೊರಡಿ. ತಡವಾಗಿ, ಅಂದರೆ 18 ಗಂಟೆ ದಾಟಿದ ಮೇಲೆ ಶುರುವಾದ ಚಿಕಿತ್ಸೆ ಫಲ ಕೊಡುವುದು ಕಷ್ಟ. ಬರುವ ಅತಿಥಿಗಳಿಗೆ ‘ನಮ್ಮನೆಗೆ ಲಿಲ್ಲಿ ಬೇಡ’ ಎಂದು ಮೊದಲೇ ಹೇಳಲು ನಾಚಿಕೆ ಬೇಡ.

ಜ್ವರದ ಮಾತ್ರೆಯ ವಿಷಯ ಇನ್ನೂ ತೊಡಕಿನದು. ಪ್ಯಾರಸಿಟಮಾಲನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ನಮಗೆ ತಲೆನೋವು ತೆಗೆಯುವ 500 ಮಿಲಿಗ್ರಾಂನ ಒಂದೇ ಮಾತ್ರೆ ಅದರ ಪ್ರಾಣ ತೆಗೆಯಲು ಸಾಕು. ಪರದೇಶದಲ್ಲಿ ಇದಕ್ಕೆ ಹೆಸರು ಹತ್ತು. ಅಮೆರಿಕದಲ್ಲಿ ಇದೇ ಔಷಧ ಅಸೆಟಮಿನೊಫೆನ್. ನೆಗಡಿಯ ಪುಡಿಯಲ್ಲೂ, ಸಿರಪ್ಪಿನಲ್ಲೂ ಬೆರೆತಿರುತ್ತೆ. ಪೆಟ್ಟಿಗೆಯ ಹಿಂಬದಿ ಓದಿ. ಬೆಕ್ಕಿಗೆ ಮೈ ಬಿಸಿಯಾಗಿದೆ ಅಂತ ಚೂರು ಮುರಿದು ಕೊಡುವ ಮನಸ್ಸಂತೂ ಮಾಡಲೇಬೇಡಿ. ಹಾಗೆಯೇ ನಾಯಿಯ ಚಿಗಟಕ್ಕೆ ಹಾಕುವ ಪರ್ಮೆಥ್ರಿನ್ ಹನಿ ಬೆಕ್ಕಿಗೆ ವಿಷ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಯಾವುದೂ ಬೇಡ.

ಹಾಲು? ವಿಷವೇನಲ್ಲ, ಆದರೆ ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಅದು ಜೀರ್ಣವಾಗದೆ ಹೊಟ್ಟೆ ಕೆಡುತ್ತೆ. ಹಾಲು ಕಂಡರೆ ಓಡುತ್ತಿದ್ದ ತೆನಾಲಿ ರಾಮನ ಬೆಕ್ಕು ಹೊಟ್ಟೆಯ ವಿಷಯದಲ್ಲಿ ಪುಣ್ಯ ಮಾಡಿತ್ತು.

ಇಷ್ಟೆಲ್ಲ ಉಪದೇಶ ಮಾಡುವ ನಾನೇ ಒಮ್ಮೆ ಸಿಕ್ಕಿಬಿದ್ದಿದ್ದೇನೆ. ನಮ್ಮ ಮನೆಯ ಗುಂಡ ಎರಡು ದಿನ ಊಟ ಬಿಟ್ಟ. ಮೂಲೆಯಲ್ಲಿ ಮುದುಡಿ ಕೂತು ಜೊಲ್ಲು ಸುರಿಸುತ್ತಿದ್ದ. ಹಲ್ಲು ನೋವಿರಬೇಕು ಎಂದುಕೊಂಡೆ. ವೈದ್ಯೆ ಅವನ ಬಾಯಿ ತೆರೆಸಿ, ಗದ್ದದ ಕೆಳಗೆ ಹೆಬ್ಬೆರಳಿಟ್ಟು ನಾಲಿಗೆಯನ್ನು ಮೇಲಕ್ಕೆ ಒತ್ತಿ, ಟಾರ್ಚ್ ಬಿಟ್ಟು ‘ಇಲ್ಲಿ ನೋಡಿ’ ಅಂದರು. ನಾಲಿಗೆಯ ಬುಡಕ್ಕೆ ನೀಲಿ ಹೊಲಿಗೆ ದಾರ ಸುತ್ತಿಕೊಂಡು ಮಾಂಸದೊಳಗೆ ಕೂತಿತ್ತು. ಅದರ ಇನ್ನೊಂದು ತುದಿ ಕರುಳಿನಲ್ಲಿ. ನಾನು ಅಂಗಿಯ ಗುಂಡಿ ಹೊಲಿದು ಸೋಫಾ ಮೇಲೆ ಬಿಟ್ಟಿದ್ದ ದಾರ. ಹೊಟ್ಟೆ ಕೊಯ್ದು ತೆಗೆದರು, ಬದುಕಿದ. ಒಂದು ತುದಿ ಸಿಕ್ಕಿಕೊಂಡಿರುವಾಗ ಕರುಳು ದಾರವನ್ನು ಮುಂದೆ ತಳ್ಳಲು ನೋಡುತ್ತೆ, ತಾನೇ ನೆರಿಗೆ ನೆರಿಗೆಯಾಗಿ ಕುಯ್ದುಕೊಳ್ಳುತ್ತೆ. ಅದಕ್ಕೇ ಬೆಕ್ಕಿನ ಬಾಯಲ್ಲೋ ಹಿಂದೆಯೋ ದಾರ ಇಣುಕಿದರೆ ಎಳೆಯಬಾರದು. ಹಾಗೇ ಕರೆದುಕೊಂಡು ಓಡಬೇಕು. ಈಗ ನಮ್ಮ ಮನೆಯಲ್ಲಿ ಸೂಜಿ ದಾರ ಬಿಸ್ಕತ್ತಿನ ಡಬ್ಬಿಯೊಳಗೆ, ಡಬ್ಬಿ ಬೀರುವಿನೊಳಗೆ.

ಭೀಮ ಗಂಡು, ಅದಕ್ಕೆ ಈ ಮಾತು. ಅವನು ಮಲಮೂತ್ರಕ್ಕೆಂದು ಮಣ್ಣು ತುಂಬಿಟ್ಟ ತಟ್ಟೆಗೆ ಪದೇ ಪದೇ ಹೋಗಿ ಮುಕ್ಕರಿಯುತ್ತಾ ಹನಿಯೂ ಬಾರದೆ ಎದ್ದು ಬಂದರೆ ಮಲಬದ್ಧತೆ ಎಂದು ಕಾಯಬೇಡಿ. ಮೂತ್ರನಾಳ ಕಟ್ಟಿರಬಹುದು, ಒಂದೆರಡು ದಿನದಲ್ಲಿ ಜೀವಕ್ಕೇ ಬರುತ್ತೆ. ರಾತ್ರಿ ಹನ್ನೆರಡಾದರೂ ಹೊರಡಿ. ನಿಮ್ಮ ಊರಿನಲ್ಲಿ ರಾತ್ರಿ ತೆರೆದಿರುವ ಪಶು ಆಸ್ಪತ್ರೆ ಯಾವುದು, ಅಲ್ಲಿಗೆ ಹೋಗುವುದು ಹೇಗೆ ಎಂಬುದನ್ನು ಇವತ್ತೇ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಪಕ್ಕದಲ್ಲೇ ಇನ್ನೊಂದು ಚೀಟಿ: ನಿಮಗೇ ಏನಾದರೂ ಆಗಿ ಮನೆಗೆ ಬರಲಾಗದಿದ್ದರೆ ಬಾಗಿಲು ತೆಗೆಯುವವರು ಯಾರು? ಪರದೇಶದಲ್ಲಿ ಅತ್ತೆ, ಚಿಕ್ಕಪ್ಪ ಪಕ್ಕದ ಬೀದಿಯಲ್ಲಿ ಇರುವುದಿಲ್ಲ. ನಂಬುಗೆಯ ಒಬ್ಬರ ಹತ್ತಿರ ಒಂದು ಕೀಲಿ ಇರಲಿ. ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಕಾಯಿಲೆ ಬೀಳುತ್ತೆ, ದಪ್ಪ ಬೆಕ್ಕಾದರೆ ಇನ್ನೂ ಬೇಗ.

ಬೆಕ್ಕುಗಳ ಚರ್ಮದಡಿ ಚಿಪ್ ಹಾಕಿಸಿದ್ದೇವೆ, ಕಳೆದುಹೋದರೂ ಫೋನಿನಲ್ಲಿ ಹುಡುಕಬಹುದು ಎಂದು ಬರೆದಿದ್ದೀರಿ. ಅದೊಂದು ತಪ್ಪು ತಿಳಿವಳಿಕೆ. ಅಕ್ಕಿಕಾಳಿನಷ್ಟಿರುವ ಆ ಚಿಪ್‌ನಲ್ಲಿ ಬ್ಯಾಟರಿಯೂ ಇಲ್ಲ, ಜಿಪಿಎಸ್ಸೂ ಇಲ್ಲ. ಇರುವುದು ಒಂದು ಸಂಖ್ಯೆ, ಸಾಮಾನ್ಯವಾಗಿ 15 ಅಂಕಿಯದು. ಯಾರಾದರೂ ಬೆಕ್ಕನ್ನು ಹಿಡಿದು ತಂದು ಚಿಪ್ ಓದುವ ಯಂತ್ರ ಹಿಡಿದರೆ ಸಂಖ್ಯೆ ಕಾಣುತ್ತೆ. ಆ ಸಂಖ್ಯೆಯ ಎದುರು ನಿಮ್ಮ ಹಳೇ ದೇಶದ, ಹಳೇ ಫೋನ್ ನಂಬರ್ ಇದ್ದರೆ ಏನು ಬಂತು? ಮನೆ ಬದಲಿಸಿದಾಗಲೆಲ್ಲ ನೋಂದಣಿ ಬದಲಿಸಿ. ಬೆಕ್ಕು ಬಾಗಿಲಿನಿಂದ ನುಸುಳಿ ಹೋಯಿತು ಅಂತಿಟ್ಟುಕೊಳ್ಳಿ, ಊರೆಲ್ಲ ಸುತ್ತುವ ಮುಂಚೆ ನಿಮ್ಮ ಕಟ್ಟಡದ ಮೆಟ್ಟಿಲಡಿ, ನೆಲಮಾಳಿಗೆ, ಕಾರಿನ ಕೆಳಗೆ ನೋಡಿ. ಮನೆಯೊಳಗೇ ಬೆಳೆದ ಬೆಕ್ಕು ಸಾಮಾನ್ಯವಾಗಿ ದೂರ ಹೋಗುವುದಿಲ್ಲ, ಹೆದರಿ ಉಸಿರು ಬಿಡದೆ ಅಡಗಿರುತ್ತೆ. ರಾತ್ರಿ ಸದ್ದಡಗಿದ ಮೇಲೆ ಟಾರ್ಚ್ ಹಿಡಿದರೆ ಕಣ್ಣು ಹೊಳೆಯುತ್ತೆ.

ಕಾನೂನು ದೇಶಕ್ಕೊಂದು ಥರ. ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ ಸಾಕುಬೆಕ್ಕಿಗೆ 20 ವಾರ ತುಂಬುವುದರೊಳಗೆ ಚಿಪ್ ಹಾಕಿಸಬೇಕು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 2022ರ ಜುಲೈ 1ರಿಂದ ಈಚೆಗೆ ಹುಟ್ಟಿದ ಬೆಕ್ಕನ್ನು ಬೀದಿಗೆ ಬಿಡುವಂತೆಯೇ ಇಲ್ಲ. ಅಲ್ಲಿನ ಹಕ್ಕಿ, ಸಣ್ಣ ಪ್ರಾಣಿಗಳನ್ನು ಉಳಿಸಿಕೊಳ್ಳಲು ಮಾಡಿದ ನಿಯಮ. ನಿಮ್ಮ ಅಮ್ಮನಿಗೆ ಇದನ್ನೂ ಹೇಳಬಹುದು, ಅವರು ಒಪ್ಪುತ್ತಾರೆ ಎಂಬ ಭರವಸೆ ನನಗಿಲ್ಲ.

ಏಕೆಂದರೆ ಅಮ್ಮನ ಮಾತಿನಲ್ಲೂ ಹುರುಳಿದೆ. ಒಳಗೆ ಕೂಡಿ, ತಟ್ಟೆಗೆ ಊಟ ಸುರಿದು, ಹತ್ತು ಗಂಟೆ ಬಿಟ್ಟುಹೋದರೆ ಅದು ಸೆರೆಮನೆಯೇ. ಬೆಕ್ಕಿಗೆ ಬೀದಿ ಬೇಕಾಗಿಲ್ಲ, ಬೇಟೆ ಬೇಕು. ಕೋಲಿಗೆ ಗರಿ ಕಟ್ಟಿ ಆಡಿಸುವಾಗ ಮುಖದ ಮುಂದೆ ಕುಣಿಸಬೇಡಿ, ಯಾವ ಇಲಿಯೂ ಬೆಕ್ಕಿನ ಬಾಯಿಗೆ ತಾನಾಗಿ ಓಡಿಬರುವುದಿಲ್ಲ. ಗರಿಯನ್ನು ಕುರ್ಚಿಯ ಹಿಂದೆ ಎಳೆಯಿರಿ, ನಿಲ್ಲಿಸಿ, ತುದಿ ಮಾತ್ರ ಕಾಣುವ ಹಾಗೆ ಒಂದೇ ಒಂದು ಸಲ ಅಲುಗಿಸಿ. ಚುಕ್ಕಿಯ ಕಣ್ಣು ಕಪ್ಪಗೆ ಅಗಲವಾಗುತ್ತೆ, ಹಿಂಭಾಗ ಎಡಕ್ಕೆ ಬಲಕ್ಕೆ ತೂಗುತ್ತೆ, ಆಮೇಲೆ ಹಾರುತ್ತಾಳೆ. ಹಿಡಿಯಲು ಬಿಡಿ. ಹತ್ತು ನಿಮಿಷ ಸಾಕು, ಸಂಜೆ ಒಂದು ಸಲ, ಮಲಗುವ ಮುಂಚೆ ಒಂದು ಸಲ. ಆಟದ ಬೆನ್ನಿಗೇ ಊಟ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ, ಅವುಗಳ ದಿನಚರಿ ಅದೇ. ಬೆಳಗಿನ ಜಾವ ನಾಲ್ಕಕ್ಕೆ ನಿಮ್ಮ ಕಾಲ್ಬೆರಳು ಕಚ್ಚುವ ಭೀಮನಿಗೂ ಮದ್ದು ಇದೇ. ಆಟ ಮುಗಿದ ಮೇಲೆ ಕೋಲನ್ನು ಒಳಗಿಡಿ, ಅದಕ್ಕೂ ದಾರ ಇದೆ.

ಕಪಾಟಿನ ಮೇಲಿನ ಒಂದು ಜಾಗ ಖಾಲಿ ಮಾಡಿಕೊಡಿ, ಎತ್ತರದಲ್ಲಿ ಕೂತ ಬೆಕ್ಕಿಗೆ ಪುಟ್ಟ ಮನೆಯೂ ದೊಡ್ಡದು. ಮಣ್ಣಿನ ತಟ್ಟೆ ಬೆಕ್ಕಿಗಿಂತ ಒಂದು ಜಾಸ್ತಿ ಇರಲಿ, ಅಂದರೆ ನಿಮ್ಮಲ್ಲಿ ಮೂರು. ಮುಚ್ಚಿದ ಗಾಜಿನ ಕಿಟಕಿಯ ಪಕ್ಕ ಒಂದು ಸ್ಟೂಲ್ ಹಾಕಿ.

ಮುಂದಿನ ಸಲ ಅಮ್ಮ ಕರೆ ಮಾಡಿದಾಗ ಫೋನನ್ನು ನೆಲದ ಮೇಲಿಟ್ಟು ಗರಿ ಆಡಿಸಿ. ಚುಕ್ಕಿ ಸೋಫಾದಿಂದ ಕಪಾಟಿಗೆ ಹಾರುವುದನ್ನು ಅವರೂ ನೋಡಲಿ. ಆಗಲೂ ‘ಪಾಪ’ ಅಂದರೆ ನನಗೆ ಇನ್ನೊಂದು ಪತ್ರ ಬರೆಯಿರಿ. ಜಾಲರಿ ಬಂತೋ ಇಲ್ಲವೋ, ಅದನ್ನೂ ತಿಳಿಸಿ.